ಬಿಗಿಯಾಗಿರಬೇಕು, ನುಣ್ಣಗೆ ಜಾರಲೂ ಬೇಕು

ಹಳೆಯ ಲೇತ್ ಕೊಂಡು ತಂದವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಸ್ಲೈಡಿನ ಸಡಿಲ ತೆಗೆಯುವ ಗಿಬ್ ಸ್ಕ್ರೂಗಳಿಗೆ. ಜಾಬ್ ಮೇಲೆ ಅಲೆಅಲೆಯಾಗಿ ಗುರುತು ಬೀಳುತ್ತಿರುತ್ತದೆ, ಟೂಲ್ ಕಿರುಚುತ್ತಿರುತ್ತದೆ. ಕ್ರಾಸ್ ಸ್ಲೈಡ್ ಸಡಿಲವಾಗಿರಬೇಕು ಅಂದುಕೊಂಡು ಅಲೆನ್ ಕೀ ಹಿಡಿದು ಬಿಗಿಯುತ್ತಾರೆ. ಕಿರುಚಾಟ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಹ್ಯಾಂಡಲ್ ಭಾರವಾಗುತ್ತದೆ. ಡಯಲ್ಲಿನ ಒಂದು ಗೆರೆ ತಿರುಗಿಸಿದರೆ ಸ್ಲೈಡ್ ಅಲ್ಲಾಡುವುದಿಲ್ಲ, ಎರಡನೆಯ ಗೆರೆಗೂ ಇಲ್ಲ. ಮೂರನೆಯದಕ್ಕೆ ಮೂರೂ ಗೆರೆಯಷ್ಟು ಒಮ್ಮೆಲೇ ಜಿಗಿಯುತ್ತದೆ. ಅಳತೆ ಕೆಟ್ಟಿತು ಎಂದು ಮತ್ತೆ ಸಡಿಲಿಸುತ್ತಾರೆ, ಕಿರುಚಾಟ ವಾಪಸ್ಸು ಬರುತ್ತದೆ.

ಬಿಗಿ ಬೇಕೆಂದರೆ ಜಾರುವಿಕೆ ಬಿಡಬೇಕು, ಜಾರಬೇಕೆಂದರೆ ಬಿಗಿ ಬಿಡಬೇಕು ಎಂಬ ನಂಬಿಕೆ ಸಣ್ಣ ವರ್ಕ್‌ಶಾಪುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ಎರಡು ಲೋಹದ ಮೈಗಳು ಸರಿಯಾಗಿ ಕೂತಿದ್ದರೆ ಆ ಜೋಡಣೆ ಬಾಗುವುದೂ ಕಡಿಮೆ, ಜಾರುವುದೂ ಸಲೀಸು. ಸರಿಯಾಗಿ ಕೂರದ ಜೋಡಣೆಯಲ್ಲಿ ಎಷ್ಟೇ ಬಿಗಿದರೂ ಎರಡರಲ್ಲಿ ಒಂದೂ ದಕ್ಕುವುದಿಲ್ಲ. ಲೋಹ ಕತ್ತರಿಸುವ ಯಂತ್ರಗಳನ್ನು ಸುಧಾರಿಸುವ ವಿದ್ಯೆಯ ತಿರುಳು ಇಷ್ಟೇ.

ಟೂಲ್ ಲೋಹವನ್ನು ಕೊಯ್ಯುವಾಗ ಹುಟ್ಟುವ ಬಲ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಇದು ಅರ್ಥವಾಗುತ್ತದೆ. ಟೂಲ್ ಬಿಟ್‌ನಿಂದ ಟೂಲ್ ಪೋಸ್ಟಿಗೆ, ಅಲ್ಲಿಂದ ಕಾಂಪೌಂಡ್ ಸ್ಲೈಡಿಗೆ, ಕ್ರಾಸ್ ಸ್ಲೈಡಿಗೆ, ಸ್ಯಾಡಲ್‌ಗೆ, ಬೆಡ್‌ಗೆ, ಬೆಡ್ ಮೂಲಕ ಹೆಡ್‌ಸ್ಟಾಕಿಗೆ, ಬೇರಿಂಗುಗಳಿಗೆ, ಸ್ಪಿಂಡಲ್‌ಗೆ, ಚಕ್ಕಿಗೆ, ಕೊನೆಗೆ ಜಾಬ್ ದಾಟಿ ಮತ್ತೆ ಟೂಲ್ ತುದಿಗೇ ಬಂದು ಸೇರುತ್ತದೆ. ಈ ಸುತ್ತಿನಲ್ಲಿ ಪ್ರತಿಯೊಂದು ಭಾಗವೂ ಒಂದಿಷ್ಟು ಬಾಗುತ್ತದೆ, ಆ ಬಾಗುಗಳೆಲ್ಲ ಕೂಡಿಕೊಳ್ಳುತ್ತವೆ. ಒಂದು ನಿರ್ದಿಷ್ಟ ಬಲಕ್ಕೆ ಬೆಡ್ 1 ಮೈಕ್ರಾನ್, ಟೂಲ್ ಪೋಸ್ಟ್ 1 ಮೈಕ್ರಾನ್, ಕಾಂಪೌಂಡ್ 8 ಮೈಕ್ರಾನ್ ಬಾಗುತ್ತದೆ ಎಂದಿಟ್ಟುಕೊಳ್ಳಿ, ಒಟ್ಟು 10. ಬೆಡ್ಡನ್ನು ಎರಡು ಪಟ್ಟು ಗಟ್ಟಿ ಮಾಡಿದರೂ ಒಟ್ಟು ಮೊತ್ತ ಒಂಬತ್ತೂವರೆಗೆ ಇಳಿದೀತು, ಅಷ್ಟೆ. ಕಾಂಪೌಂಡ್ ಬಾಗುವುದನ್ನು ಅರ್ಧಕ್ಕಿಳಿಸಿದರೆ ಮೊತ್ತ 6ಕ್ಕೆ ಇಳಿಯುತ್ತದೆ. ಹೀಗಿರುವಾಗ ಭಾರವಾದ ಸ್ಟ್ಯಾಂಡ್ ಮಾಡಿಸುವುದು, ಕಂಬಕ್ಕೆ ಕಾಂಕ್ರೀಟ್ ತುಂಬುವುದು ಮೊದಲ ಕೆಲಸ ಆಗಬಾರದು. ದುರ್ಬಲ ಜೋಡಣೆ ಯಾವುದೆಂದು ಮೊದಲು ಹುಡುಕಬೇಕು.

ನಮ್ಮ ನಾಡಿನಲ್ಲಿ ಈ ಮಾತಿಗೆ ಬೆಲೆ ಹೆಚ್ಚು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ 1953ರಲ್ಲಿ ಎಚ್‌ಎಂಟಿ ಬಂತು. ಈ ಎರಡು ಕಡೆಗಳಿಂದ ಹೊರಬಿದ್ದ ಲೇತ್‌ಗಳು ಪೀಣ್ಯ, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ಷೆಡ್ಡುಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಎಚ್‌ಎಂಟಿಯ ಎನ್‌ಎಚ್ 22 ಗೊತ್ತಿಲ್ಲದ ಟರ್ನರ್ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಇವುಗಳ ಮೈ ಬೀಡುಕಬ್ಬಿಣದ್ದು. ಬೀಡಿನೊಳಗಿನ ಗ್ರಾಫೈಟ್ ಪದರಗಳು ಕಂಪನವನ್ನು ನುಂಗುತ್ತವೆ. ಎರಕದ ಒಳಗೆ ಉಳಿದಿದ್ದ ಒತ್ತಡಗಳೂ ಇಷ್ಟು ವರ್ಷಗಳಲ್ಲಿ ಸಡಿಲಗೊಂಡು ಮೈ ನೆಲೆನಿಂತಿದೆ. ಸವೆದಿರುವುದು ಜೋಡಣೆಗಳು, ಅದರಲ್ಲೂ ಚಕ್ಕಿನ ಹತ್ತಿರದ ಬೆಡ್, ಯಾಕೆಂದರೆ ಮುಕ್ಕಾಲು ಪಾಲು ಕೆಲಸ ನಡೆಯುವುದು ಅಲ್ಲೇ. ಇಂಥ ಯಂತ್ರವನ್ನು ತೂಕಕ್ಕೆ ಗುಜರಿಗೆ ಹಾಕುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಹುಡುಕುವುದು ಹೇಗೆ? ಒಂದು ಮ್ಯಾಗ್ನೆಟಿಕ್ ಸ್ಟ್ಯಾಂಡು, ಮೈಕ್ರಾನ್ ತೋರಿಸುವ ಒಂದು ಡಯಲ್ ಇದ್ದರೆ ಸಾಕು. ಸ್ಟ್ಯಾಂಡನ್ನು ಬೆಡ್ ಮೇಲೆ ಕೂರಿಸಿ, ಡಯಲ್ಲಿನ ಮುಳ್ಳನ್ನು ಟೂಲ್ ಪೋಸ್ಟಿಗೆ ತಾಗಿಸಿ, ಟೂಲ್ ಪೋಸ್ಟನ್ನು ಕೈಯಿಂದ ಜಗ್ಗಿ ನೋಡಬೇಕು. ಸೂಜಿ ಎಷ್ಟು ಓಡಿತು ಎಂದು ಬರೆದುಕೊಂಡು, ಮುಳ್ಳನ್ನು ಮಾತ್ರ ಕಾಂಪೌಂಡ್‌ಗೆ ಇಳಿಸಿ, ಟೂಲ್ ಪೋಸ್ಟನ್ನು ಅಷ್ಟೇ ಬಲದಿಂದ ಮತ್ತೆ ಜಗ್ಗಬೇಕು. ಆಮೇಲೆ ಕ್ರಾಸ್ ಸ್ಲೈಡ್, ಆಮೇಲೆ ಸ್ಯಾಡಲ್. ಮುಳ್ಳು ಒಂದೊಂದೇ ಮೆಟ್ಟಿಲು ಇಳಿದಾಗ ಓದಿನಲ್ಲಿ ಎಲ್ಲಿ ದೊಡ್ಡ ಇಳಿತ ಕಾಣುತ್ತದೋ ಆ ಎರಡು ಮೆಟ್ಟಿಲುಗಳ ನಡುವೆಯೇ ರೋಗ ಇದೆ. ಸ್ಪಿಂಡಲ್ ಪರೀಕ್ಷಿಸಲು ಮುಳ್ಳನ್ನು ಚಕ್ಕಿನ ಹಿಂದಿನ ಸ್ಪಿಂಡಲ್ ಮೂಗಿಗಿಟ್ಟು, ಚಕ್ಕಿನಡಿ ಮರದ ತುಂಡೊಂದನ್ನು ಕೊಟ್ಟು ಮೇಲಕ್ಕೆ ಮೀಟಬೇಕು. ಸ್ಲೈಡುಗಳಲ್ಲಿ, ಕೈ ಬಿಟ್ಟಾಗ ಸೂಜಿ ಸೊನ್ನೆಗೆ ಮರಳಿದರೆ ಅದು ಲೋಹದ ಬಾಗು. ಮರಳದೆ ಅಲ್ಲೇ ನಿಂತರೆ ಅದು ಪ್ಲೇ, ಅಂದರೆ ಸಡಿಲ. ಇವೆರಡಕ್ಕೂ ಔಷಧ ಬೇರೆಬೇರೆ. ಚಾಟರ್, ಅಂದರೆ ಆ ಕಿರುಚಾಟ, ಬಂದ ಕೂಡಲೇ ಹೊಸ ಹುಡುಗ "ಅಣ್ಣ, ಗಿಬ್ ಟೈಟ್ ಮಾಡ್ಲಾ?" ಎಂದು ಕೇಳಿದರೆ "ಮೊದ್ಲು ಡಯಲ್ ಇಟ್ಟು ನೋಡು" ಎನ್ನುವ ಮೇಸ್ತ್ರಿ ಸಿಕ್ಕವನು ಭಾಗ್ಯವಂತ.

ಪರೀಕ್ಷೆಯಲ್ಲಿ ಬಹಳ ಸಲ ಸಿಕ್ಕಿಬೀಳುವುದು ಯಂತ್ರವಲ್ಲ, ಟೂಲ್ ಹೊರಚಾಚಿರುವ ಉದ್ದ. 20 ಮಿ.ಮೀ. ದಪ್ಪದ ಉಕ್ಕಿನ ಬೋರಿಂಗ್ ಬಾರ್ 60 ಮಿ.ಮೀ. ಹೊರಗೆ ಚಾಚಿದೆ, ತುದಿಯ ಮೇಲೆ 50 ಕಿಲೋ ಭಾರದಷ್ಟು ಬಲ ಬಿದ್ದಿದೆ ಎನ್ನಿ. ಬಾರ್ ಸುಮಾರು 0.022 ಮಿ.ಮೀ. ಬಾಗುತ್ತದೆ. ಅದನ್ನೇ 120 ಮಿ.ಮೀ. ಚಾಚಿದರೆ ಬಾಗು ಸುಮಾರು 0.18 ಮಿ.ಮೀ. ಆಗುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ದಪ್ಪದ ಲೆಕ್ಕ ಇನ್ನೂ ಲಾಭದ್ದು: 20ರ ಬದಲು 25 ಮಿ.ಮೀ. ಬಾರ್ ಹಾಕಿದರೆ ಬಾಗು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಕಾರ್ಬೈಡ್ ಬಾರ್ ಉಕ್ಕಿಗಿಂತ ಸುಮಾರು ಮೂರು ಪಟ್ಟು ಬಿಗಿ, ದುಬಾರಿಯೂ ಹೌದು. ಉಕ್ಕಿನ ಬಾರನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಚಾಚಬಾರದು ಎಂಬ ರೂಢಿ ಬಂದದ್ದು ಈ ಲೆಕ್ಕದಿಂದಲೇ. ಟೂಲನ್ನು ಹಿಂದಕ್ಕೆ ಸರಿಸಿ ಕಟ್ಟುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಾಗೆಯೇ, ಚಲಿಸಬೇಕಿಲ್ಲದ ಸ್ಲೈಡನ್ನು ಲಾಕ್ ಮಾಡುವುದಕ್ಕೂ ಖರ್ಚಿಲ್ಲ. ಫೇಸಿಂಗ್ ಮಾಡುವಾಗ ಸ್ಯಾಡಲ್ ಲಾಕ್ ಹಾಕದೆ ಕೆಲಸ ಮಾಡುವವರು ಎಷ್ಟು ಮಂದಿ!

ಕಾಂಪೌಂಡ್ ಸ್ಲೈಡನ್ನೇ ತೆಗೆದುಬಿಟ್ಟು, ಅದರ ಜಾಗದಲ್ಲಿ ಎರಕದ ಗಟ್ಟಿ ದಿಮ್ಮಿ ಕೂರಿಸಿ ಅದರ ಮೇಲೆ ಟೂಲ್ ಪೋಸ್ಟ್ ಕಟ್ಟುವವರಿದ್ದಾರೆ. ಟೇಪರ್ ತಿರುಗಿಸುವ ಕೆಲಸ ಅಪರೂಪವಾಗಿದ್ದರೆ ಇದು ಬಹಳ ಒಳ್ಳೆಯ ಉಪಾಯ, ಯಾಕೆಂದರೆ ಬಲದ ಸುತ್ತಿನಿಂದ ಒಂದು ಇಡೀ ಜೋಡಣೆಯೇ ಮಾಯವಾಗುತ್ತದೆ. ಪಾರ್ಟಿಂಗ್ ಟೂಲನ್ನು ತಲೆಕೆಳಗಾಗಿ ಹಿಂಬದಿಯ ಟೂಲ್ ಪೋಸ್ಟಿಗೆ ಕಟ್ಟುವುದೂ ಅಂಥದ್ದೇ ಉಪಾಯ. ಮುಂಬದಿಯಲ್ಲಿ ಬಾಗಿದ ಟೂಲ್ ಜಾಬ್‌ನೊಳಕ್ಕೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಹಿಂಬದಿಯಲ್ಲಿ ಬಾಗಿದರೆ ಜಾಬ್‌ನಿಂದ ಆಚೆ ಸರಿಯುತ್ತದೆ. ಬಾಗುವಿಕೆ ಪೂರ್ತಿ ಹೋಗುವುದಿಲ್ಲ, ಅಪಾಯವಿಲ್ಲದ ದಿಕ್ಕಿಗೆ ತಿರುಗಿಕೊಳ್ಳುತ್ತದೆ.

ಇನ್ನು ನೆಲದ ಮಾತು. ಲೇತನ್ನು ಲೆವೆಲ್ ಮಾಡುವುದು ಭೂಮಿಗೆ ಸಮನಾಗಿರಲಿ ಎಂದಲ್ಲ, ಬೆಡ್ ತಿರುಚಿಕೊಳ್ಳದಿರಲಿ ಎಂದು. ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲನ್ನು ಬೆಡ್ಡಿನ ಎರಡೂ ತುದಿಯಲ್ಲಿ ಅಡ್ಡಲಾಗಿಟ್ಟು ಗುಳ್ಳೆ ಒಂದೇ ಕಡೆ ನಿಲ್ಲುತ್ತದೆಯೇ ಎಂದು ನೋಡಬೇಕು. ಅಂತಿಮ ತೀರ್ಪು ಕೊಡುವುದು ಮಾತ್ರ ಕತ್ತರಿಸಿದ ಜಾಬ್. ಟೇಲ್‌ಸ್ಟಾಕ್ ಆಸರೆ ಕೊಡದೆ, ಚಕ್ಕಿನಲ್ಲಿ ಹಿಡಿದ ದಪ್ಪ ಸರಳಿನ ಮೇಲೆ ಒಂದು ಗೇಣು ಅಂತರದಲ್ಲಿ ಎರಡು ಪಟ್ಟಿ ಉಳಿಸಿ, ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ ತೀರಾ ತೆಳುವಾಗಿ ತಿರುಗಿಸಿ ಮೈಕ್ರೋಮೀಟರ್ ಹಿಡಿಯಬೇಕು. ಹೊರತುದಿಯ ಪಟ್ಟಿ ದಪ್ಪ ಬಂದರೆ ಅಲ್ಲಿ ಟೂಲ್ ಆಪರೇಟರ್ ಕಡೆಗೆ ಸರಿದಿದೆ ಎಂದರ್ಥ. ಟೇಲ್‌ಸ್ಟಾಕ್ ತುದಿಯ ಮುಂಬದಿಯ ಕಾಲನ್ನು ಕೂದಲಷ್ಟು ಎತ್ತಿದರೆ ಬಹುಪಾಲು ಸರಿಹೋಗುತ್ತದೆ. ಇಂಥ ಪರೀಕ್ಷೆಗಳಿಗೆಲ್ಲ ಒಂದು ಶಿಸ್ತು ತಂದವರು ಬರ್ಲಿನ್ನಿನ ಗೇಯೋರ್ಗ್ ಷ್ಲೇಸಿಂಗರ್. 1904ರಲ್ಲಿ ಅಲ್ಲಿನ ಶಾರ್ಲೊಟೆನ್‌ಬುರ್ಗ್‌ನಲ್ಲಿ ಮಷೀನ್ ಟೂಲ್ ಪ್ರಾಧ್ಯಾಪಕರಾದ ಅವರು ನಾಝಿಗಳ ಕಾಲದಲ್ಲಿ ದೇಶ ಬಿಡಬೇಕಾಯಿತು. ಹೊಸ ಯಂತ್ರದ ಜೊತೆ ಬರುವ ಟೆಸ್ಟ್ ಚಾರ್ಟ್ ಅವರ ದುಡಿಮೆಯ ಫಲ.

ಈಗ ಜಾರುವ ಮೈಗಳ ವಿಷಯ. ಗಿಬ್ ಎಂದರೆ ಸ್ಲೈಡ್ ಮತ್ತು ಅದರ ಹಳಿಯ ನಡುವೆ ತೂರಿಸಿದ ತೆಳು ಪಟ್ಟಿ. ಸವೆದಷ್ಟೂ ಅದನ್ನು ಒತ್ತಿ ಸಡಿಲ ತೆಗೆಯಬಹುದು. ಆದರೆ ಪಟ್ಟಿಯೇ ಬಾಗಿದ್ದರೆ, ಅಥವಾ ಹಳಿ ನಡುವೆ ಗುಳಿಬಿದ್ದಿದ್ದರೆ, ಪಟ್ಟಿ ತಾಗುವುದು ಎರಡೋ ಮೂರೋ ಕಡೆ ಮಾತ್ರ. ಆ ಎರಡು ಮೂರು ಚುಕ್ಕೆಗಳ ಮೇಲೆ ಎಲ್ಲ ಒತ್ತಡ ಬೀಳುತ್ತದೆ, ಅಲ್ಲಿ ಎಣ್ಣೆ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ಅಂಟುತ್ತದೆ. ಹ್ಯಾಂಡಲ್ ಭಾರವಾಗುವುದು ಇದರಿಂದ. ಉಳಿದ ಉದ್ದಕ್ಕೆಲ್ಲ ಗಾಳಿಯೇ ಇರುವುದರಿಂದ ಬಲ ಬಿದ್ದಾಗ ಸ್ಲೈಡ್ ಓಲಾಡುತ್ತದೆ. ಒಂದೇ ದೋಷ ಹ್ಯಾಂಡಲ್ಲಿಗೆ ಬಿಗಿಯಾಗಿ, ಟೂಲಿಗೆ ಸಡಿಲವಾಗಿ ಕಾಣಿಸುತ್ತದೆ.

ಇದಕ್ಕೆ ಇರುವ ಹಳೆಯ, ಇವತ್ತಿಗೂ ಮೀರಿಸಲಾಗದ ಚಿಕಿತ್ಸೆ ಸ್ಕ್ರೇಪಿಂಗ್. ಅದರ ಹಿಂದಿನ ತತ್ವ ಅಚ್ಚರಿಯಷ್ಟು ಸರಳ. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆಯ ವರ್ಕ್‌ಶಾಪಿನಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಇದನ್ನು ವಿದ್ವಾಂಸರ ಸಭೆಯ ಮುಂದೆ ಮಂಡಿಸಿದ. ಎರಡು ತಟ್ಟೆಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿದ್ದರೂ ಹೊಂದಿಕೊಂಡುಬಿಡಬಹುದು. ಮೂರು ತಟ್ಟೆಗಳನ್ನು ಒಂದರೊಡನೊಂದು ಅದಲುಬದಲಾಗಿ ಹೊಂದಿಸುತ್ತ ಹೋದರೆ, ಮೂರೂ ನಿಜವಾಗಿ ಸಮತಟ್ಟಾದಾಗ ಮಾತ್ರ ಎಲ್ಲ ಜೋಡಿಗಳೂ ಕೂಡುತ್ತವೆ. ಇನ್ನೊಂದು ನೇರ ಅಂಚನ್ನು ಎರವಲು ತರದೆ, ಕೈಯಿಂದಲೇ ಸಮತಲ ಹುಟ್ಟುತ್ತದೆ. ಅಲ್ಲಿಯವರೆಗೆ ಎಮೆರಿ ಪುಡಿ ಹಾಕಿ ಉಜ್ಜುತ್ತಿದ್ದರು. ವಿಟ್‌ವರ್ತ್ ಉಜ್ಜುವುದನ್ನು ಬಿಟ್ಟು ಹೆರೆಯಲು ಹೇಳಿದ, ಯಾಕೆಂದರೆ ಉಜ್ಜಿದಾಗ ಎಲ್ಲಿ ಸವೆಯಿತು ಎಂಬ ಹಿಡಿತ ಇರುವುದಿಲ್ಲ.

ಕೆಲಸ ನಡೆಯುವುದು ಹೀಗೆ. ಸರ್ಫೇಸ್ ಪ್ಲೇಟಿನ ಮೇಲೆ ಬ್ಲೂ ಬಣ್ಣವನ್ನು ಮಂಜು ಕಟ್ಟಿದ ಹಾಗೆ ತೆಳುವಾಗಿ ಸವರಿ, ಗಿಬ್ಬನ್ನು ಮೆಲ್ಲಗೆ ಅದರ ಮೇಲೆ ಆಡಿಸಿ ಎತ್ತುತ್ತಾರೆ. ಎತ್ತರವಾಗಿರುವ ಕಡೆ ಬಣ್ಣ ಹತ್ತಿರುತ್ತದೆ. ಸ್ಕ್ರೇಪರನ್ನು ಸೊಂಟಕ್ಕೆ ಆನಿಸಿ, ಮೈಭಾರದಿಂದ ಮುಂದಕ್ಕೆ ತಳ್ಳಿ, ಬಣ್ಣ ಹತ್ತಿದ ಕಡೆ ಮಾತ್ರ ಹೆರೆಯುತ್ತಾರೆ. ಒಂದು ಸಲ ತಳ್ಳಿದರೆ ಹೋಗುವುದು ಕೆಲವೇ ಮೈಕ್ರಾನ್. ಒರೆಸಿ, ಮತ್ತೆ ಬ್ಲೂ ಹಿಡಿದು, ಈ ಸಲ ಮೊದಲಿನ ದಿಕ್ಕಿಗೆ ಅಡ್ಡಲಾಗಿ ಹೆರೆಯುತ್ತಾರೆ. ಮೊದಮೊದಲು ಎರಡು ದೊಡ್ಡ ಮಚ್ಚೆಗಳಷ್ಟೇ ಕಾಣುತ್ತವೆ. ಸುತ್ತು ಕಳೆದಂತೆ ಮಚ್ಚೆ ಒಡೆದು ಐದಾಗಿ, ಹತ್ತಾಗಿ, ಕೊನೆಗೆ ಇಡೀ ಪಟ್ಟಿಯ ಮೇಲೆ ಸಣ್ಣ ಚುಕ್ಕೆಗಳು ಸಮನಾಗಿ ಹರಡಿಕೊಳ್ಳುತ್ತವೆ. 25 ಮಿ.ಮೀ. ಚೌಕದೊಳಗೆ 10ರಿಂದ 15 ಚುಕ್ಕೆ ಬಂದರೆ ಸಾಧಾರಣ ಸ್ಲೈಡಿಗೆ ಸಾಕು. ನಿಖರ ಯಂತ್ರಕ್ಕೆ 20ಕ್ಕೂ ಹೆಚ್ಚು ಬೇಕು. ಚುಕ್ಕೆಗಳು ಭಾರ ಹೊರುತ್ತವೆ, ಅವುಗಳ ನಡುವಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಒಂದೇ ಮೈ ಎರಡು ಕೆಲಸ ಮಾಡುವುದು ಹೀಗೆ. ಸೆಕೆಂಡ್ ಹ್ಯಾಂಡ್ ಯಂತ್ರ ನೋಡಲು ಹೋದವರಿಗೆ ಒಂದು ಎಚ್ಚರಿಕೆ: ಬೆಡ್ ಮೇಲೆ ಅರ್ಧಚಂದ್ರದ ಗುರುತುಗಳು ಮಿನುಗುತ್ತಿದ್ದ ಮಾತ್ರಕ್ಕೆ ಸ್ಕ್ರೇಪಿಂಗ್ ಆಗಿದೆ ಎಂದು ನಂಬಬೇಡಿ. ಅವು ಬರೀ ಅಲಂಕಾರವೂ ಆಗಿರಬಹುದು. ಬ್ಲೂ ಹಿಡಿದು ತೋರಿಸಿ ಎನ್ನಿ.

ಜಿಗಿದು ಜಿಗಿದು ಸಾಗುವ ರೋಗಕ್ಕೆ ಇನ್ನೊಂದು ಕಾರಣವೂ ಇದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಚಲಿಸುತ್ತಿರುವುದನ್ನು ಸಾಗಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಹ್ಯಾಂಡಲ್ ತಿರುಗಿಸಿದಾಗ ಸ್ಕ್ರೂ, ನಟ್ ಮೊದಲು ಸ್ವಲ್ಪ ಒತ್ತಿಕೊಂಡು ಬಲ ಕೂಡಿಡುತ್ತವೆ. ಸ್ಲೈಡ್ ಕದಲಿದ ತಕ್ಷಣ ಘರ್ಷಣೆ ಇಳಿದು, ಕೂಡಿಟ್ಟ ಬಲವೆಲ್ಲ ಬಿಚ್ಚಿಕೊಂಡು ಅದು ಮುಂದಕ್ಕೆ ಹಾರುತ್ತದೆ. ಪಿಟೀಲಿನ ತಂತಿಯನ್ನು ಕಮಾನು ಹಿಡಿದೆಳೆದು ಬಿಡುವುದೂ ಇದೇ ಕ್ರಮದಲ್ಲಿ. ಅಲ್ಲಿ ಅದು ನಾದ, ಇಲ್ಲಿ ಅಳತೆಯ ಹಾನಿ. ಪರಿಹಾರಕ್ಕೆ ಎರಡು ದಾರಿ. ಮೊದಲನೆಯದು ಎಣ್ಣೆ. ಸ್ಲೈಡ್‌ವೇ ಆಯಿಲ್ ಎಂದು ಮಾರುವ 68 ಗ್ರೇಡಿನ ಎಣ್ಣೆಯಲ್ಲಿ ಮೈಗೆ ಅಂಟಿಕೊಂಡಿರುವ, ಕೂಲೆಂಟಿಗೆ ತೊಳೆದುಹೋಗದ ಗುಣ ಬೆರೆಸಿರುತ್ತಾರೆ. ಅದೇ 68 ಎಂದು ಹೈಡ್ರಾಲಿಕ್ ಆಯಿಲ್ ಸುರಿದರೆ ದಪ್ಪ ಒಂದೇ ಇದ್ದರೂ ಈ ಗುಣ ಇರುವುದಿಲ್ಲ. ಎರಡನೆಯದು, ಜಾರುವ ಮೈಗೆ ಟರ್ಸೈಟ್‌ನಂಥ ಟೆಫ್ಲಾನ್ ಬೆರೆತ ಹಾಳೆ ಅಂಟಿಸುವುದು. ಅದರಲ್ಲಿ ಕದಲಿಸುವ ಬಲಕ್ಕೂ ಸಾಗಿಸುವ ಬಲಕ್ಕೂ ಹೆಚ್ಚು ಅಂತರವಿಲ್ಲ. ಸವೆದು ಇಳಿದ ಸ್ಯಾಡಲ್ ಅದರ ದಪ್ಪದಿಂದ ಮತ್ತೆ ಮೊದಲಿನ ಎತ್ತರಕ್ಕೇರುತ್ತದೆ, ಅದು ಇನ್ನೊಂದು ಲಾಭ. ಅಂಟಿಸಿದ ಮೇಲೆ ಅದನ್ನೂ ಸ್ಕ್ರೇಪ್ ಮಾಡಲೇಬೇಕು.

ಸ್ಕ್ರೂ ಬದಲಾಯಿಸುವ ಮೊದಲು ಎರಡು ಸಲ ಯೋಚಿಸಿ ಎನ್ನುತ್ತೇನೆ. ಬಾಲ್ ಸ್ಕ್ರೂ ಹಾಕಿದರೆ ಹ್ಯಾಂಡಲ್ ಬೆಣ್ಣೆಯಾಗುತ್ತದೆ, ಬ್ಯಾಕ್‌ಲ್ಯಾಶ್ ಇಲ್ಲವಾಗುತ್ತದೆ. ಆದರೆ ಸಾದಾ ಸ್ಕ್ರೂವಿನ ಘರ್ಷಣೆಯೇ ಸ್ಲೈಡನ್ನು ಇದ್ದಲ್ಲಿ ಹಿಡಿದಿಡುತ್ತಿತ್ತು. ಬಾಲ್ ಸ್ಕ್ರೂ ಹಾಗೆ ಹಿಡಿಯುವುದಿಲ್ಲ, ಕೈಯಿಂದ ನಡೆಸುವ ಮಿಲ್ಲಿಂಗ್ ಯಂತ್ರದಲ್ಲಿ ಕಟರ್ ತಳ್ಳಿದ ಕಡೆಗೆ ಟೇಬಲ್ ಹೋಗುತ್ತದೆ. ಸಿಎನ್‌ಸಿಯಲ್ಲಿ ಸರ್ವೊ ಮೋಟಾರ್ ಸದಾ ಹಿಡಿದಿರುವುದರಿಂದ ಈ ತೊಂದರೆಯಿಲ್ಲ. ಉರುಳೆಗಳ ಮೇಲೆ ಓಡುವ ಲೀನಿಯರ್ ಗೈಡುಗಳ ಕತೆಯೂ ಇದೇ. ಅವು ವೇಗಕ್ಕೆ ಅತ್ಯುತ್ತಮ, ಆದರೆ ಕಂಪನ ನುಂಗುವುದರಲ್ಲಿ ಎಣ್ಣೆ ಹರಡಿದ ಅಗಲ ಹಳಿಗೆ ಸಾಟಿಯಲ್ಲ. ಭಾರೀ ಕಟ್ ಕೊಡುವ ಯಂತ್ರಗಳಲ್ಲಿ ಬಾಕ್ಸ್ ವೇ ಎಂಬ ಇಂಥ ಅಗಲ ಹಳಿಗಳು ಇವತ್ತೂ ಉಳಿದಿರುವುದು ಅದಕ್ಕೇ.

ಚಾಟರ್ ವಿಷಯದಲ್ಲಿ ಯಂತ್ರವನ್ನಷ್ಟೇ ದೂರಿ ಫಲವಿಲ್ಲ. ಎಂಜಿನಿಯರ್ ಎಫ್.ಡಬ್ಲ್ಯು. ಟೇಲರ್ 1907ರಲ್ಲೇ ಇದನ್ನು ಲೋಹ ಕತ್ತರಿಸುವವರ ಅತಿ ಜಟಿಲ ಸಮಸ್ಯೆಗಳಲ್ಲೊಂದು ಎಂದು ಗುರುತಿಸಿದ್ದ. ಬಿಡಿಸಿ ಹೇಳಿದ್ದು 1950ರ ದಶಕದಲ್ಲಿ, ಟೊಬಾಯಸ್, ಟ್ಲುಸ್ಟಿ ಮೊದಲಾದ ಸಂಶೋಧಕರು. ಹಿಂದಿನ ಸುತ್ತಿನಲ್ಲಿ ಜಾಬ್ ಮೇಲೆ ಉಳಿದ ಅಲೆಯನ್ನು ಈ ಸುತ್ತಿನಲ್ಲಿ ಟೂಲ್ ಕತ್ತರಿಸುತ್ತದೆ. ಚಿಪ್ ದಪ್ಪತೆಳುವಾಗುತ್ತದೆ, ಬಲ ಏರಿಳಿಯುತ್ತದೆ, ಹೊಸ ಅಲೆ ಇನ್ನೂ ದೊಡ್ಡದಾಗುತ್ತದೆ. ಹೊಸ ಅಲೆಯೂ ಹಳೆಯ ಅಲೆಯೂ ಹೆಜ್ಜೆಗೆ ಹೆಜ್ಜೆ ಕೂಡಿದರೆ ಚಿಪ್ ದಪ್ಪ ಬದಲಾಗುವುದಿಲ್ಲ, ಚಾಟರ್ ಬೆಳೆಯುವುದಿಲ್ಲ. ಆದ್ದರಿಂದಲೇ ಸ್ಪೀಡ್ ಬದಲಿಸಿದರೆ ಸದ್ದು ನಿಲ್ಲುವುದುಂಟು, ಕೆಲವೊಮ್ಮೆ ಏರಿಸಿದರೂ ಕೂಡ. ಹೆದರಿ ಫೀಡನ್ನು ತೀರಾ ಇಳಿಸಿದರೆ ಟೂಲ್ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗಿ ಕಿರುಚಾಟ ಜಾಸ್ತಿಯಾಗುತ್ತದೆ. ದೊಡ್ಡ ನೋಸ್ ರೇಡಿಯಸ್‌ನ ಟೂಲ್ ತೆಗೆದು ಚೂಪಾದ, ಸಣ್ಣ ರೇಡಿಯಸ್‌ನದು ಹಾಕಿ, ಫೀಡನ್ನು ತುಸು ಹೆಚ್ಚಿಸಿ ನೋಡುವುದು ಒಳ್ಳೆಯದು.

ಸ್ಕ್ರೇಪಿಂಗ್ ಬಲ್ಲ ಫಿಟ್ಟರುಗಳು ಕಡಿಮೆಯಾಗುತ್ತಿದ್ದಾರೆ ಎಂಬ ಕೊರಗು ನನಗಿದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಹುಟ್ಟಿದ ಸಿಎಂಟಿಐ ಎಂಬ ಸಂಶೋಧನಾ ಸಂಸ್ಥೆ ಹೊರತಂದ ಮಷೀನ್ ಟೂಲ್ ವಿನ್ಯಾಸದ ಕೈಪಿಡಿ ದೇಶದ ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದೆ. ಆದರೆ ಕೈಯ ವಿದ್ಯೆ ಪುಸ್ತಕದಿಂದ ಇಳಿದುಬರುವುದಿಲ್ಲ. ಕಲಿಯಬೇಕೆನ್ನುವ ಸಣ್ಣ ವರ್ಕ್‌ಶಾಪಿನವರು ಬೆಡ್ಡಿಗೆ ಕೈಹಾಕದೆ, ಟೂಲ್ ಪೋಸ್ಟಿನ ತಳದಿಂದ ಆರಂಭಿಸಬಹುದು. ಅಂಗೈಯಷ್ಟು ಜಾಗ, ಬಿಚ್ಚಿ ಬೆಂಚಿನ ಮೇಲಿಡಬಹುದು, ಅಲ್ಲಿ ಜಾರುವ ಲೆಕ್ಕವೂ ಇಲ್ಲ. ಕಾರ್ಬೈಡ್ ತುದಿಯ ಒಂದು ಸ್ಕ್ರೇಪರ್, ಒಂದು ಸಣ್ಣ ಸರ್ಫೇಸ್ ಪ್ಲೇಟ್, ಒಂದು ಟ್ಯೂಬ್ ಬ್ಲೂ ಸಾಕು. ಬಹಳಷ್ಟು ಟೂಲ್ ಪೋಸ್ಟುಗಳ ತಳ ನಡುವೆ ಉಬ್ಬಿರುತ್ತದೆ, ಎಷ್ಟೇ ಬಿಗಿದರೂ ಅದು ಆ ಉಬ್ಬಿನ ಮೇಲೆ ಓಲಾಡುತ್ತದೆ. ನಡುಭಾಗವನ್ನು ಒಂದಿಷ್ಟು ತಗ್ಗಿಸಿ, ನಾಲ್ಕು ಅಂಚಿನ ಸುತ್ತ ಚುಕ್ಕೆ ಬರುವಂತೆ ಹೆರೆದರೆ, ಬೋಲ್ಟ್ ಬಿಗಿದಾಗ ತಳ ಅಗಲವಾಗಿ ಕಚ್ಚಿ ಕೂರುತ್ತದೆ. ಹೆರೆಯುವ ಮೊದಲು ಡಯಲ್ ಇಟ್ಟು ಜಗ್ಗಿ ಬರೆದುಕೊಂಡ ಅಂಕಿಯ ಪಕ್ಕದಲ್ಲಿ ಹೆರೆದ ನಂತರದ ಅಂಕಿ ಬರೆದಿಡಿ; ಕ್ರಾಸ್ ಸ್ಲೈಡಿನ ಗಿಬ್ಬಿಗೆ ಕೈಹಾಕುವುದೋ ಬೇಡವೋ ಎಂಬುದನ್ನು ಆ ಎರಡು ಅಂಕಿಗಳನ್ನು ನೋಡಿ ತೀರ್ಮಾನಿಸಬಹುದು.